ಟ್ರೇನಿಂಗ್ ಮುಗಿಸಿದ ಹುಡುಗಿ ಯಾರ ಆಸ್ತಿ?



ಹೋದ ತಿಂಗಳು ಹುಮನಾಬಾದದ ಒಂದು ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ಸದಸ್ಯರೊಬ್ಬರು ಒಂದು ಲಕ್ಷ ರೂಪಾಯಿ ಸಾಲ ಕೇಳಿದ್ದರು. ಯಾಕೆ ಎಂದು ಕೇಳಿದಾಗ ‘ಮಗಳ ಲಗ್ನ’ ಎಂದರು. ಮಗಳು ಬಿ.ಎಡ್. ಎರಡನೆಯ ವರ್ಷದಲ್ಲಿದ್ದಾಳೆ. “ಹುಡುಗಿ ಬಿ.ಎಡ್. ಮಾಡ್ಲತ್ತಾಳ ಅಂತ ಬೀಗರು ಎರಡು ಲಕ್ಷ ಬಿಟ್ಟಾರ್ರಿ ಮೇಡಂ. ಛಲೋ ಮಂದಿ ಸಿಕ್ಕಾರ” ಎಂದು ಆ ತಾಯಿ ಸಮಾಧಾನದಿಂದ ಹೇಳಿದರು.

ಸುತ್ತ ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ನನಗೆ ತಲೆಯಾಡಿಸಲು ಆಗಲಿಲ್ಲ. ಇದೇ ಮಾತನ್ನು ನಾನು ನಲವತ್ತು ವರ್ಷಗಳ ಹಿಂದೆ ಒಂದು ಬಿ.ಎಡ್. ಕಾಲೇಜಿನ ಹಾಸ್ಟೆಲಿನಲ್ಲಿ ಕೇಳಿದ್ದೆ. ಆಗ ನಾನೂ ತಲೆಯಾಡಿಸಿದ್ದೆ, ಪೇಢೆ ತಿಂದು ಖುಷಿಪಟ್ಟಿದ್ದೆ. ಆಮೇಲೆ ಏನಾಯಿತು ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ. ಬಿ.ಎ. ಮುಗಿಸಿದ್ದು 1982ರಲ್ಲಿ. ಆ ವರ್ಷ ನಮ್ಮ ಮನೆಯಲ್ಲಿ ಒಂದು ಲೆಕ್ಕ ನಡೆಯಿತು. ಉದ್ದು, ಹೆಸರು ಮಾರಿದ ರೊಕ್ಕ ಅಪ್ಪನ ಕೈಯಲ್ಲಿತ್ತು. ಅದರಲ್ಲಿ ನನಗೆ ಬಂಗಾರ ಮಾಡಿಸಬೇಕೋ, ನನ್ನನ್ನು ಟ್ರೇನಿಂಗಿಗೆ ಕಳಿಸಬೇಕೋ? ಅಪ್ಪ ಎರಡು ದಿನ ಏನೂ ಹೇಳಲಿಲ್ಲ. ಕೊನೆಗೆ ಅವ್ವನೇ, “ಓದಿಸ್ರಿ. ಟೀಚರ್ ಆದ್ರ ಹುಂಡಾ ಕಡಿಮಿ ಆಗ್ತದ” ಎಂದಳು. ಮರಾಠಿ ಗಡಿಯ ನಮ್ಮ ಕಡೆ ವರದಕ್ಷಿಣೆಗೆ ಹುಂಡಾ ಎನ್ನುವುದು ನಿಮಗೆ ಗೊತ್ತೇ ಇದೆ.

ಅವ್ವನನ್ನು ನಾನು ದೂರುವುದಿಲ್ಲ. ಅಕ್ಷರ ಬಾರದ ಆಕೆ ತನಗೆ ತಿಳಿದಿದ್ದ ಒಂದೇ ವಾದವನ್ನು ಹೂಡಿ ಮಗಳನ್ನು ಓದಲು ಕಳಿಸಿದಳು. ಆದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ನನ್ನ ಓದು ಹುಂಡಾದ ಲೆಕ್ಕದಲ್ಲಿ ಸೇರಿಹೋಗಿತ್ತು ಎಂಬುದನ್ನೂ ಮುಚ್ಚಿಡಲಾರೆ.

ಆಗ ನಮಗೆ ರೈಲು ಇರಲಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದದ್ದು 2017ರಲ್ಲಿ. ಹುಮನಾಬಾದದಲ್ಲಿ ಬಸ್ಸು ಬದಲಿಸಿ, ಬಸ್ಸಿನ ಮೇಲೆ ಟ್ರಂಕು ಹಾಕಿಸಿ, ಆಗಿನ ಗುಲ್ಬರ್ಗಕ್ಕೆ ಹೋದೆ. ಗುಲ್ಬರ್ಗ ವಿಶ್ವವಿದ್ಯಾಲಯ 1980ರಲ್ಲಷ್ಟೇ ಹುಟ್ಟಿತ್ತು. ಬಿ.ಎಡ್. ಆಗ ಒಂದೇ ವರ್ಷದ ಓದು. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾಲ್ವರು. ಊರಿನಿಂದ ಬಂದವರ ಟ್ರಂಕಿನಲ್ಲಿ ಖಟಕ ರೊಟ್ಟಿ, ಶೇಂಗಾ ಹಿಂಡಿ. ಮೊದಲ ವಾರ ಅಳು, ಎರಡನೆಯ ವಾರದಿಂದ ನಗು.

ಆ ಒಂದು ವರ್ಷ ನನ್ನ ಬಾಳಿನ ಒಳ್ಳೆಯ ವರ್ಷ. ಬೆಳಿಗ್ಗೆ ಪ್ರಾರ್ಥನೆ, ಸುದ್ದಿ ಓದುವುದು, ಆಮೇಲೆ ಶಿಕ್ಷಣ ತತ್ವ, ಮನೋವಿಜ್ಞಾನ, ಶಾಲಾ ಆಡಳಿತದ ತರಗತಿಗಳು. ನನ್ನ ಬೋಧನಾ ವಿಷಯ ಕನ್ನಡ ಮತ್ತು ಇತಿಹಾಸ. ರಾತ್ರಿ ಎಲ್ಲರೂ ನೆಲದ ಮೇಲೆ ಕುಳಿತು ಪಾಠಯೋಜನೆ ಬರೆಯುತ್ತಿದ್ದೆವು. ಪಾಠದ ಉದ್ದೇಶ ಏನು, ಮಕ್ಕಳಿಗೆ ಮೊದಲೇ ಏನು ಗೊತ್ತಿದೆ, ಯಾವ ಪ್ರಶ್ನೆಯಿಂದ ಶುರು ಮಾಡಬೇಕು, ಕೊನೆಗೆ ಕಲಿತರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂದು ಗೆರೆ ಹಾಕಿ ಕಾಲಂ ಮಾಡಿ ಬರೆಯಬೇಕು. ಬೆಳಿಗ್ಗೆ ಗುರುಗಳು ಕೆಂಪು ಮಸಿಯಲ್ಲಿ ಅರ್ಧ ಹೊಡೆದು ಹಾಕುತ್ತಿದ್ದರು. ಮತ್ತೆ ಬರೆಯಬೇಕು. ಬಣ್ಣದ ಚಾರ್ಟು ಮಾಡುತ್ತಾ ಮಾಡುತ್ತಾ ಹನ್ನೆರಡು ಗಂಟೆಯಾಗುತ್ತಿತ್ತು.

ಶಾಲೆಗೆ ಕಳಿಸುವ ಮೊದಲು ಸೂಕ್ಷ್ಮ ಬೋಧನೆ ಎಂದು ಒಂದು ಅಭ್ಯಾಸ ಮಾಡಿಸುತ್ತಿದ್ದರು. ಸಹಪಾಠಿಗಳೇ ಮಕ್ಕಳಂತೆ ಕುಳಿತುಕೊಳ್ಳುವರು. ಐದಾರು ನಿಮಿಷದ ಪಾಠ. ಒಂದು ಸಲಕ್ಕೆ ಒಂದೇ ಕೌಶಲ. ಕಪ್ಪುಹಲಗೆಯ ಮೇಲೆ ಬರೆಯುವ ಕೌಶಲ, ಉದಾಹರಣೆ ಕೊಡುವ ಕೌಶಲ, ಪ್ರಶ್ನಿಸುವ ಕೌಶಲ. ಪ್ರಶ್ನೆ ಚಿಕ್ಕದಿರಬೇಕು, ಸ್ಪಷ್ಟವಿರಬೇಕು, ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಬೇಕು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಉತ್ತರ ಬಾರದಿದ್ದರೆ ಬಿಟ್ಟುಬಿಡದೆ, ಬೇರೆ ರೀತಿಯಲ್ಲಿ ಮತ್ತೆ ಕೇಳಬೇಕು.

‘ಹಿರಿಯರ ಮುಂದೆ ಬಾಯಿ ತೆರೆಯಬ್ಯಾಡ’ ಎಂದು ಕೇಳುತ್ತ ಬೆಳೆದ ನಮಗೆ ಪ್ರಶ್ನೆ ಕೇಳುವುದಕ್ಕೆ ಅಂಕ ಕೊಡುತ್ತಾರೆ ಎಂಬುದೇ ಆಶ್ಚರ್ಯ. ಮುಂದೆ ಅಭ್ಯಾಸ ಪಾಠಕ್ಕೆಂದು ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ಹೋದೆ. ಐವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ನನ್ನ ತಪ್ಪು ಬರೆದುಕೊಳ್ಳಲು ಕುಳಿತ ಗುರುಗಳು. ಕೈಯಲ್ಲಿದ್ದ ಸುಣ್ಣದ ಕಡ್ಡಿ ನಡುಗಿತು. ಹತ್ತು ನಿಮಿಷದ ಮೇಲೆ ನಡುಕ ನಿಂತಿತು. ಇಷ್ಟು ಜನ ನನ್ನ ಮಾತು ಕೇಳುತ್ತಿದ್ದಾರೆ ಎಂಬ ಅನುಭವ ನನಗೆ ಅದೇ ಮೊದಲು. ಹೆಣ್ಣುಮಕ್ಕಳು ಟ್ರೇನಿಂಗಿಗೆ ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಿದರೆ, ನೌಕರಿಯ ಮಾತು ಆಮೇಲೆ, ಮೊದಲು ಈ ಅನುಭವಕ್ಕಾಗಿ ಹೋಗಬೇಕು ಎನ್ನುತ್ತೇನೆ.

ನಮ್ಮ ಕೋಣೆಯಲ್ಲಿ ಪ್ರಶ್ನಿಸುವ ಕೌಶಲದಲ್ಲಿ ಎಲ್ಲರಿಗಿಂತ ಮುಂದಿದ್ದವಳು ನಮ್ಮ ತಾಲ್ಲೂಕಿನವಳೇ ಆದ ಒಬ್ಬ ಗೆಳತಿ. ಆಕೆಯ ಹೆಸರು ಹೇಳುವುದಿಲ್ಲ. ದೀಪಾವಳಿ ರಜೆಗೆ ಊರಿಗೆ ಹೋದವಳು ನಿಶ್ಚಯ ಮಾಡಿಕೊಂಡು ಬಂದಳು. ಗಂಡಿನವರು ಮೊದಲು ಕೇಳಿದ್ದು, “ಟ್ರೇನಿಂಗ್ ಪೂರಾ ಮಾಡ್ತಾಳಲ್ಲ?” ಎಂದು. ಮಾಡುತ್ತಾಳೆ ಎಂದ ಮೇಲೆ ಹುಂಡಾದಲ್ಲಿ ಹತ್ತು ಸಾವಿರ ಬಿಟ್ಟರು. ಆಕೆ ತಂದ ಪೇಢೆಯನ್ನು ಹಾಸ್ಟೆಲಿನಲ್ಲಿ ಎಲ್ಲರೂ ತಿಂದೆವು. “ನಿನ್ನ ನಸೀಬ ಛಲೋ ಅದ” ಎಂದು ನಾನೇ ಹೇಳಿದೆ. ದಿನವೆಲ್ಲ ಪ್ರಶ್ನೆ ಮಾಡುವುದನ್ನೇ ಅಭ್ಯಾಸ ಮಾಡುತ್ತಿದ್ದ ನಮ್ಮಲ್ಲಿ ಒಬ್ಬಳೂ ‘ಬಿಟ್ಟ ಹತ್ತು ಸಾವಿರವನ್ನು ಅವರು ಎಲ್ಲಿಂದ ತುಂಬಿಕೊಳ್ಳುತ್ತಾರೆ?’ ಎಂದು ಕೇಳಲಿಲ್ಲ.

1983ರ ಬೇಸಿಗೆಯಲ್ಲಿ ಪರೀಕ್ಷೆ ಮುಗಿಯಿತು, ಆಕೆಯ ಮದುವೆಯಾಯಿತು. ಮಾರನೆಯ ವರ್ಷ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಿತು. ಪಗಾರ ಪಟ್ಟಿಗೆ ಸಹಿ ಹಾಕಿ ನಗದು ತೆಗೆದುಕೊಳ್ಳುತ್ತಿದ್ದ ಕಾಲ ಅದು. ಪಗಾರದ ದಿನ ಗಂಡ ಶಾಲೆಯ ಗೇಟಿನಲ್ಲಿ ನಿಂತಿರುತ್ತಿದ್ದ. ಸಹಿ ಇವಳದು, ರೊಕ್ಕ ಅವನದು. ಬಸ್ಸಿನ ಚಾರ್ಜಿಗೂ ದಿನಾ ಅತ್ತೆಯ ಮುಂದೆ ಕೈಯೊಡ್ಡಬೇಕು. ಬಿಟ್ಟ ಹತ್ತು ಸಾವಿರ ಒಂದೂವರೆ ವರ್ಷದೊಳಗೆ ಅವರಿಗೆ ವಾಪಸು ಬಂದಿತ್ತು. ಆದರೂ ವಸೂಲಿ ನಿಲ್ಲಲಿಲ್ಲ. ಕಾಯಿಲೆ ಬಿದ್ದ ತಾಯಿಗೆ ಐವತ್ತು ರೂಪಾಯಿ ಕಳಿಸಿದ್ದಕ್ಕೆ ಹೊಡೆತ ತಿಂದಳು.

1985ರಲ್ಲಿ ಎಂ.ಎ. ಮುಗಿಸಿ, ಮಾರನೆಯ ವರ್ಷ ನಾನು ಉಪನ್ಯಾಸಕಿಯಾಗಿದ್ದೆ. 1987ರಲ್ಲಿ ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ಮೊಣಕೈ ಮೇಲೆ ಕಪ್ಪು ಕಲೆಯಿತ್ತು. ಎಲ್ಲ ಕೇಳಿ ನಾನು ಹೇಳಿದ್ದೇನು ಗೊತ್ತೇ? “ಸ್ವಲ್ಪ ಹೊಂದಿಕೊಂಡು ಹೋಗು. ಒಂದು ಮಗುವಾದರೆ ಎಲ್ಲ ಸರಿಹೋಗ್ತದ.” ಎಂ.ಎ. ಓದಿದವಳು, ದಿನಾ ಪಾಠ ಹೇಳುವವಳು ನಾನು. ಆಕೆ ಚಹಾ ಕುಡಿದು ವಾಪಸು ಹೋದಳು.

ಎರಡು ವರ್ಷದ ಮೇಲೆ ಮತ್ತೆ ಬಂದಳು. ಈ ಸಲ ಸಲಹೆ ಕೇಳಲಿಲ್ಲ. “ಮನಿ ಬಿಡಬೇಕಂತ ಮಾಡೀನಿ. ಸರ್ಕಾರಿ ನೌಕರಿಗೆ ಅರ್ಜಿ ಹಾಕಬೇಕು. ಆದ್ರ ನನ್ನ ಮಾರ್ಕ್ಸ್ ಕಾರ್ಡ್ ಎಲ್ಲಾ ಮಾವನ ಟ್ರಂಕಿನಾಗ ಅವ. ಕೀಲಿ ಹಾಕ್ಯಾರ” ಎಂದಳು. ಮದುವೆಯ ದಿನ ಬಟ್ಟೆಬರೆಯ ಜೊತೆಗೆ ಹತ್ತನೆಯ ತರಗತಿಯಿಂದ ಬಿ.ಎಡ್.ವರೆಗಿನ ಎಲ್ಲ ಮೂಲ ಕಾಗದಗಳೂ ಗಂಡನ ಮನೆಗೆ ಹೋಗಿದ್ದವು. ಆಕೆಯನ್ನು ಆ ಮನೆಯಲ್ಲಿ ಕಟ್ಟಿಹಾಕಿದ್ದು ಆ ಟ್ರಂಕಿನ ಕೀಲಿ.

ಆಗ ನಾನು ಎದ್ದೆ. ಠಾಣೆಯಲ್ಲಿ ಅರ್ಜಿ, ನೋಟರಿಯ ಮುಂದೆ ಪ್ರಮಾಣಪತ್ರ, ಶುಲ್ಕ, ಎಸ್.ಎಸ್.ಎಲ್.ಸಿ.ಯದಕ್ಕೆ ಒಂದು ಕಚೇರಿ, ಡಿಗ್ರಿಯದಕ್ಕೆ ಇನ್ನೊಂದು ಕಚೇರಿ. ಎರಡನೆಯ ಪ್ರತಿಗಳು ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಸರ್ಕಾರಿ ನೌಕರಿ ಸಿಕ್ಕಿತು, ಬಾಡಿಗೆ ಕೋಣೆ ಹಿಡಿದಳು, ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದಳು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು. ಈಗಲೂ ಭೇಟಿಯಾದಾಗ ನಗುತ್ತಲೇ ಹೇಳುತ್ತಾಳೆ: “ಆ ಮಾತು ನೀ ಮೊದಲ ಸಲ ಬಂದಾಗೇ ಹೇಳಿದ್ರ ನಂದು ಎರಡು ವರ್ಷ ಉಳೀತಿತ್ತು ನೋಡು.” ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಾವು ಟ್ರೇನಿಂಗಿನಲ್ಲಿ ಹರ್ಬಾರ್ಟನ ಐದು ಹಂತ ಓದಿದೆವು, ಫ್ರೋಬೆಲ್, ಮಾಂಟೆಸ್ಸರಿ, ಡ್ಯೂಯಿ ಓದಿದೆವು. ಮಗುವಿನ ಮನಸ್ಸಿಗೆ ಭಯ ಹೇಗೆ ಕೆಡುಕು ಎಂದು ಪುಟಗಟ್ಟಲೆ ಬರೆದೆವು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಅದರ ಹೆಸರನ್ನೂ ನಾನು ಆ ವರ್ಷ ಕೇಳಲಿಲ್ಲ. ಹೆಂಡತಿಗೆ ಗಂಡ ಮತ್ತು ಅವನ ಕಡೆಯವರು ಕೊಡುವ ಹಿಂಸೆಯನ್ನು ಅಪರಾಧವೆಂದು ಸಾರಿದ 498ಎ ಕಲಂ ಬಂದದ್ದು ನಾವು ಬಿ.ಎಡ್. ಮುಗಿಸಿದ 1983ರ ಡಿಸೆಂಬರಿನಲ್ಲಿ. ದೇಶದ ಬೇರೆ ಬೇರೆ ಊರುಗಳಲ್ಲಿ ಹೆಂಗಸರು ಬೀದಿಗಿಳಿದು ಕೂಗಿದ್ದರಿಂದ ಬಂದ ಕಾಯ್ದೆ ಅದು. ಆ ಕೂಗು ನಮ್ಮ ಹಾಸ್ಟೆಲಿನ ಗೋಡೆ ದಾಟಿ ಒಳಗೆ ಬರಲಿಲ್ಲ.

ಇದೆಲ್ಲ ಹಳೆಯ ಕಾಲದ ಮಾತಾಯಿತು ಎನ್ನಬೇಡಿ. ಇವತ್ತಿನ ಲೆಕ್ಕ ಅದಕ್ಕಿಂತ ಕೆಟ್ಟದ್ದು. ನಮ್ಮ ಕಾಲದಲ್ಲಿ ಬಿ.ಎಡ್. ಮುಗಿಸಿದವರಿಗೆ ಇಂದಲ್ಲ ನಾಳೆ ನೌಕರಿ ಸಿಗುತ್ತಿತ್ತು. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಖರ್ಚು ಹೆಚ್ಚಾಯಿತು. ಅದರ ಮೇಲೆ ಟಿ.ಇ.ಟಿ. ಪಾಸಾಗಬೇಕು, ಆಮೇಲೆ ನೇಮಕಾತಿ ಪರೀಕ್ಷೆ ಬರೆಯಬೇಕು. ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಿಗೆ ಬಿ.ಎಡ್. ಅರ್ಹತೆಯಲ್ಲ, ಅದಕ್ಕೆ ಡಿ.ಎಲ್.ಎಡ್. ಆಗಿರಬೇಕು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಷ್ಟೋ ಹುಡುಗಿಯರು ಅತಿಥಿ ಶಿಕ್ಷಕಿಯಾಗಿ, ಖಾಸಗಿ ಶಾಲೆಯ ಸಣ್ಣ ಸಂಬಳಕ್ಕೆ ದುಡಿಯುತ್ತ ವರ್ಷಗಟ್ಟಲೆ ಕಾಯುತ್ತಾರೆ.

ಈಗ ಯೋಚಿಸಿ. ನೌಕರಿ ಬರುತ್ತದೆ ಎಂದು ಬೀಗರು ಎರಡು ಲಕ್ಷ ಬಿಟ್ಟರು. ನೌಕರಿ ಬಂದರೆ ಆ ಎರಡು ಲಕ್ಷವನ್ನು ತಿಂಗಳು ತಿಂಗಳು ಕಂತಿನಲ್ಲಿ, ಮೂವತ್ತು ವರ್ಷ ವಸೂಲು ಮಾಡುತ್ತಾರೆ. ನೌಕರಿ ಬರದಿದ್ದರೆ? “ನಿಮ್ಮ ಮಗಳ ನೌಕರಿ ನಂಬಿ ಬಿಟ್ಟಿದ್ದೆವು, ಈಗ ಆ ಬಾಕಿ ತರ್ರಿ” ಎಂದು ಬಾಗಿಲಿಗೆ ಬರುತ್ತಾರೆ. ಟಿ.ಇ.ಟಿ. ಫೇಲಾದ ದಿನ ಅಡುಗೆಮನೆಯಲ್ಲಿ ಬೈಗುಳ ಶುರುವಾಗುತ್ತದೆ. ಹೇಗೆ ನೋಡಿದರೂ ಅವರು ಏನನ್ನೂ ಬಿಟ್ಟಿಲ್ಲ. ರಿಯಾಯಿತಿ ಎಂದು ನಾವು ತಿಳಿದದ್ದು ಮಗಳ ಹೆಸರಿನಲ್ಲಿ ಬರೆದ ಸಾಲ. ಸಂಘದಲ್ಲಿ ಸಾಲದ ವ್ಯವಹಾರ ಮಾಡುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

“ಹಂಗಾದ್ರ ಸೊಸೆ ಮನೀಗೆ ಒಂದು ಪೈಸಾನೂ ಕೊಡಬಾರ್ದೇನ್ರಿ?” ಎಂದು ಆ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಕೊಡಲಿ, ಗಂಡ ಹೆಂಡತಿ ಕೂಡಿ ದುಡಿದು ಕೂಡಿ ಖರ್ಚು ಮಾಡಲಿ. ಆದರೆ ತನ್ನ ಕೈಗೆ ಬಂದ ಪಗಾರವನ್ನು ತಾನೇ ಕೊಡುವುದು ಬೇರೆ, ಗೇಟಿನಲ್ಲಿ ನಿಂತು ಕಸಿದುಕೊಳ್ಳುವುದು ಬೇರೆ. ಈಗ ಗೇಟಿನಲ್ಲಿ ಯಾರೂ ನಿಲ್ಲಬೇಕಾಗಿಲ್ಲ. ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿದ್ದರೆ ಸಾಕು.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಸಂಘದ ಪ್ರತಿಯೊಬ್ಬರೂ ತಿಳಿದಿರಬೇಕು. ಮದುವೆಗೆ ಸಂಬಂಧಿಸಿ ಮೊದಲು ಕೇಳಲಿ, ಮದುವೆಯ ದಿನ ಕೇಳಲಿ, ಆಮೇಲೆ ಯಾವಾಗ ಕೇಳಲಿ, ಅದು ವರದಕ್ಷಿಣೆಯೇ. ತೆಗೆದುಕೊಂಡವರಿಗೆ ಕನಿಷ್ಠ ಐದು ವರ್ಷದ ಶಿಕ್ಷೆಯುಂಟು. ಬರೀ ಕೇಳಿದರೂ ಶಿಕ್ಷೆಯುಂಟು. ಹೆಂಡತಿಯ ಸ್ತ್ರೀಧನ ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ, ಅದು ಪೂರ್ತಿ ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತ, ಬೈಗುಳದ ಜೊತೆಗೆ ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದು ಎಣಿಸುತ್ತದೆ. ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ಇತರ ಆಸ್ತಿ, ಬೆಲೆಯುಳ್ಳ ಪತ್ರಗಳನ್ನೂ ವಾಪಸು ಕೊಡಿ ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ವಿಚಾರಿಸಬಹುದು. ತುರ್ತು ಇದ್ದರೆ 181 ಅಥವಾ 112ಕ್ಕೆ ಫೋನು ಮಾಡಬಹುದು.

ಆದರೆ ಕೋರ್ಟಿಗೆ ಹೋಗುವ ಮೊದಲೇ ನಾವು ಮಾಡಬಹುದಾದ ಕೆಲಸಗಳಿವೆ. ನಮ್ಮ ಬೀದರ್ ಜಿಲ್ಲೆಯ ಸಹಕಾರಿ ಬ್ಯಾಂಕು ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ನಾಡಿಗೇ ಹೆಸರಾದದ್ದು. ಇಲ್ಲಿನ ಹೆಂಗಸರು ವಾರ ವಾರ ಹತ್ತು ಇಪ್ಪತ್ತು ಕೂಡಿಸಿ ಕಟ್ಟಿದ ಸಂಘಗಳಿವು. ಈ ರೊಕ್ಕ ಹುಂಡಾಕ್ಕೆ ಹೋಗಬೇಕೇ? ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಮಗಳ ಓದಿಗೆ ಸಾಲ ಕೊಡೋಣ. ಹುಂಡಾಕ್ಕೆ ಸಾಲವಿಲ್ಲ ಎಂದು ಠರಾವು ಬರೆದು ಎಲ್ಲರೂ ಸಹಿ ಹಾಕೋಣ. ಒಬ್ಬ ತಾಯಿ ಒಂಟಿಯಾಗಿ ‘ಕೊಡಲ್ಲ’ ಎನ್ನಲಾರಳು. ‘ಸಂಘದಾಗ ಠರಾವು ಆಗ್ಯದ’ ಎನ್ನಬಲ್ಲಳು.

ಟ್ರೇನಿಂಗ್ ಮುಗಿಯುವತನಕ ಮದುವೆಯ ಮಾತು ಬೇಡ. ಮದುವೆಯಾಗಿ ಹೋಗುವಾಗ ಮಾರ್ಕ್ಸ್ ಕಾರ್ಡುಗಳ ಮೂಲ ಪ್ರತಿಗಳನ್ನು ಹುಡುಗಿ ತನಗೆ ನಂಬಿಕೆಯಿರುವ ಕಡೆ, ತನ್ನ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲಿ. ಎರಡೆರಡು ಝೆರಾಕ್ಸ್ ತವರಿನಲ್ಲಿರಲಿ, ಫೋಟೊ ತೆಗೆದು ಡಿಜಿಲಾಕರಿನಲ್ಲೂ ಹಾಕಿಕೊಳ್ಳಲಿ. ಬ್ಯಾಂಕಿನ ಖಾತೆ ಅವಳೊಬ್ಬಳ ಹೆಸರಿನಲ್ಲಿರಲಿ, ಕಾರ್ಡಿನ ಗುಟ್ಟಿನ ಸಂಖ್ಯೆ ಅವಳಿಗಷ್ಟೇ ಗೊತ್ತಿರಲಿ. ಮಗಳಿಗೆ ಕೊಟ್ಟ ಬಂಗಾರ, ಸಾಮಾನಿನ ಪಟ್ಟಿ ಬರೆದು ರಸೀದಿ ಸಮೇತ ಜೋಪಾನವಾಗಿಡಿ. ಹೊಡೆತ ತಿಂದು ಬಂದವಳಿಗೆ ‘ಹೊಂದಿಕೊಂಡು ಹೋಗು’ ಎನ್ನಬೇಡಿ. ಆ ಮಾತನ್ನು ನಾನು ಒಮ್ಮೆ ಹೇಳಿದ್ದೇನೆ, ಅದರ ಬೆಲೆಯನ್ನು ಬೇರೆಯವಳು ಕೊಟ್ಟಿದ್ದಾಳೆ.

ನಾವು ಇರುವ ನೆಲ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಒಂದು ಮದುವೆ ಬಿಜ್ಜಳನ ರಾಜ್ಯವನ್ನೇ ಅಲುಗಾಡಿಸಿತು. ಜಾತಿ ನೋಡದೆ ಮಾಡಿದ ಆ ಮದುವೆಗೆ ಶರಣರು ಪ್ರಾಣ ಕೊಟ್ಟರು. ಗಂಡ ಹೆಚ್ಚಿಗೆ ಆರಿಸಿ ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದವಳು ಇದೇ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಅದೇ ಊರಿನಲ್ಲಿ ಇವತ್ತು ಮದುವೆಯನ್ನು ತೊಲದಲ್ಲಿ ತೂಗುತ್ತೇವೆ. ಅಕ್ಕ ನಾಗಮ್ಮನ ಗವಿಗೆ ಕೈಮುಗಿದು ಬಂದು ಬೀಗರ ಜೊತೆ ಚೌಕಾಸಿಗೆ ಕೂಡುತ್ತೇವೆ. ಇದಕ್ಕೆ ಗಂಡಸರನ್ನಷ್ಟೇ ದೂರಿ ಫಲವಿಲ್ಲ. ಆ ಚಾಪೆಯ ಮೇಲೆ ಗಂಡಿನ ತಾಯಿಯಾಗಿ ಕೂಡುವವರೂ ನಾವೇ.

ಹುಮನಾಬಾದದ ಸಭೆಯ ಮಾತಿಗೆ ಬರುತ್ತೇನೆ. ಎಲ್ಲ ಕೇಳಿದ ಮೇಲೆ ಆ ತಾಯಿಗೆ ನಾನು ಒಂದು ಪ್ರಶ್ನೆ ಕೇಳಿದೆ. ಟ್ರೇನಿಂಗಿನಲ್ಲಿ ಕಲಿಸಿದಂತೆ ಚಿಕ್ಕದು, ಸ್ಪಷ್ಟವಾದದ್ದು: “ಮಗಳನ್ನ ಕೇಳೀರೇನವ್ವ?” ಉತ್ತರಕ್ಕೆ ಕಾದೆ. ಸಭೆ ಸುಮ್ಮನಿತ್ತು. “ಇಲ್ರಿ. ಆಕೀನ ಏನು ಕೇಳೋದು ಅಂತ…” ಎಂದು ಅರ್ಧಕ್ಕೆ ನಿಲ್ಲಿಸಿದರು. ಸಾಲದ ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು.

ಮುಂದಿನ ವಾರ ಆ ಹುಡುಗಿ ತಾನೇ ತಾಯಿಯ ಜೊತೆ ಬಂದಳು. ಅಭ್ಯಾಸ ಪಾಠ ಮುಗಿಸಿ ನೇರವಾಗಿ ಬಂದಿದ್ದಳು, ಕೈತುಂಬ ಚಾರ್ಟುಗಳಿದ್ದವು. “ನನಗ ಟ್ರೇನಿಂಗ್ ಮುಗಿಸಬೇಕು, ಟಿ.ಇ.ಟಿ. ಬರೀಬೇಕು. ಆಮ್ಯಾಲ ನೋಡೋಣು” ಎಂದಳು. ಸಂಘ ಒಂದು ಲಕ್ಷದ ಅರ್ಜಿಯನ್ನು ವಾಪಸು ಕೊಟ್ಟು, ಕೊನೆಯ ಫೀಸಿಗೆ ಬೇಕಾದಷ್ಟು ಸಾಲ ಮಂಜೂರು ಮಾಡಿತು. ಬೀಗರು ಏನನ್ನುತ್ತಾರೋ ಎಂಬ ಚಿಂತೆ ಆ ತಾಯಿಗೆ ಇನ್ನೂ ಹೋಗಿಲ್ಲ. ಸಂಘದ ಹತ್ತು ಹದಿನೈದು ಮಂದಿ ಬೆನ್ನಿಗೆ ನಿಂತರೆ ಅದೂ ಹೋದೀತು.

ನಿಮ್ಮ ಸಂಘದಲ್ಲೂ ಬಿ.ಎಡ್., ಡಿ.ಎಲ್.ಎಡ್. ಓದುವ ಹುಡುಗಿಯರ ತಾಯಂದಿರು ಇದ್ದೇ ಇರುತ್ತಾರೆ. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ಆಮೇಲೆ ಅವರನ್ನು ಅದೇ ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಬಿಡಬೇಡಿ, ಮತ್ತೆ ಕೇಳಿ.